ಮನೆಯಲ್ಲಿ ಹೇಳಿದ್ದಾಯ್ತು: ತುಮಕೂರಿನ ಒಬ್ಬ ಗೇ ಹುಡುಗನ ಅನುಭವ, ಖರ್ಚುವೆಚ್ಚ ಸಮೇತ

ಮನೆಯಲ್ಲಿ 'ನಾನು ಗೇ' ಅಂತ ಹೇಳುವುದು ಹೇಗೆ ಎಂದು ಹುಡುಕಿದರೆ ಸಿಗುವುದೆಲ್ಲ ಅಮೆರಿಕದವರ ಕಥೆ. ಅಲ್ಲಿ ಹುಡುಗ ರಾತ್ರಿ ಊಟದ ಟೇಬಲ್ ಮುಂದೆ ಗಂಟಲು ಸರಿ ಮಾಡಿಕೊಳ್ಳುತ್ತಾನೆ. ಎಲ್ಲರೂ ಫೋರ್ಕ್ ಕೆಳಗಿಡುತ್ತಾರೆ. ಅವನು ಹೇಳುತ್ತಾನೆ. ಅಪ್ಪ ಎದ್ದು ಬಂದು ತಬ್ಬಿಕೊಳ್ಳುತ್ತಾರೆ, ಇಲ್ಲಾ ಮನೆ ಬಿಟ್ಟು ಹೋಗು ಅನ್ನುತ್ತಾರೆ. ಹತ್ತು ನಿಮಿಷದ ಕೆಲಸ.

ನಮ್ಮ ಮನೆಯಲ್ಲೂ ಊಟದ ಟೇಬಲ್ ಇದೆ. ಅದರ ಮೇಲೆ ಇಸ್ತ್ರಿಗೆ ಹೋಗಬೇಕಾದ ಬಟ್ಟೆ, ಅಪ್ಪನ ಬಿಪಿ ಮಾತ್ರೆ, ಅಕ್ಕನ ಮದುವೆಗೆ ಉಡುಗೊರೆ ಬಂದು ಇನ್ನೂ ಬಿಚ್ಚದ ಡಿನ್ನರ್ ಸೆಟ್ ಇದೆ. ಊಟ ಮಾಡುವುದು ಟಿವಿ ಮುಂದೆ, ನೆಲದ ಮೇಲೆ. ಮಾತು ಜಾಹೀರಾತು ಬಂದಾಗ ಮಾತ್ರ. ಎರಡು ಸೋಪಿನ ಜಾಹೀರಾತುಗಳ ಮಧ್ಯೆ ಹೇಳಿ ಮುಗಿಸುವ ವಿಷಯ ಇದಲ್ಲ ನೋಡಿ.

ಅದಕ್ಕೇ ಬರೆಯುತ್ತಿದ್ದೇನೆ. ನಾನು ತುಮಕೂರಿನವನು. ವಯಸ್ಸು ಮೂವತ್ತೊಂದು. ಅಪ್ಪ ಕೆಎಸ್‌ಆರ್‌ಟಿಸಿ ಕಂಡಕ್ಟರ್ ಆಗಿ ರಿಟೈರ್ ಆದವರು. ಅಮ್ಮ ಮನೆ ನೋಡಿಕೊಳ್ಳುತ್ತಾಳೆ, ಜೊತೆಗೆ ಇಡೀ ಬೀದಿಯನ್ನೂ ನೋಡಿಕೊಳ್ಳುತ್ತಾಳೆ. ಅಕ್ಕನನ್ನು ತಿಪಟೂರಿಗೆ ಕೊಟ್ಟಿದೆ. ನಾನು ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಒಂದು ಖಾಸಗಿ ಕಂಪನಿಯಲ್ಲಿ ಲೆಕ್ಕ ಬರೆದು, ರಾತ್ರಿ ವಾಪಸ್ ಬರುವ ಸೀಸನ್ ಪಾಸಿನ ಗಿರಾಕಿ. ನಮ್ಮ ಮನೆಯಲ್ಲಿ ಕ್ರಾಂತಿಕಾರಿಗಳು ಯಾರೂ ಇಲ್ಲ, ದುಷ್ಟರೂ ಇಲ್ಲ. ನಿಮ್ಮ ಮನೆಯೂ ಹೀಗೇ ಇದ್ದರೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ಹಳೇ ದಾಖಲೆಗಳು. ಅಜ್ಜಿಯ ಊರು ಗುಬ್ಬಿ ತಾಲ್ಲೂಕು. ಗುಬ್ಬಿ ಅಂದರೆ ಗುಬ್ಬಿ ವೀರಣ್ಣನವರ ಗುಬ್ಬಿ. ಆ ಕಡೆ ಜನಕ್ಕೆ ನಾಟಕದ ಹುಚ್ಚು ಹುಟ್ಟಿನಿಂದಲೇ ಬರುತ್ತದೆ. ನಾನು ಏಳನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಊರ ಹುಡುಗರೇ ಸೇರಿ ಪೌರಾಣಿಕ ನಾಟಕ ಆಡಿದರು. ಉತ್ತರೆ ಪಾತ್ರಕ್ಕೆ ಯಾರೂ ಸಿಗಲಿಲ್ಲ. ಹಾರ್ಮೋನಿಯಂ ಮೇಷ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವನೇ ಆಗ್ಲಿ ಬುಡ್ರಪ್ಪ" ಅಂದರು. ಜಡೆ, ಡಾಬು, ಬಾಡಿಗೆ ಸೀರೆ. ಅಭಿಮನ್ಯು ಯುದ್ಧಕ್ಕೆ ಹೊರಟಾಗ ನಾನು ಅತ್ತ ಅಳುವಿಗೆ ಹೆಂಗಸರೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅದು ನಟನೆ ಅಲ್ಲ ಅಂತ ನನಗೊಬ್ಬನಿಗೇ ಗೊತ್ತಿತ್ತು. ಅಭಿಮನ್ಯು ಆಗಿದ್ದ ಹುಡುಗ ಆ ಜೂನ್‌ನಲ್ಲಿ ಹಾಸನಕ್ಕೆ ಹಾಸ್ಟೆಲ್ ಸೇರಲು ಹೊರಟಿದ್ದ. ಅಪ್ಪ ಸ್ಟೇಜ್ ಹತ್ತಿ ನನ್ನ ಸೆರಗಿಗೆ ನೂರು ರೂಪಾಯಿ ನೋಟು ಪಿನ್ ಮಾಡಿದರು. ಆ ಫೋಟೊ ಈಗಲೂ ಹಾಲ್‌ನ ಗೋಡೆ ಮೇಲಿದೆ.

(ಹೆಣ್ಣು ಪಾತ್ರ ಮಾಡಿದ್ದಕ್ಕೂ ಗೇ ಆಗಿದ್ದಕ್ಕೂ ಸಂಬಂಧ ಹುಡುಕಬೇಡಿ. ಅದೇ ನಾಟಕದ ದ್ರೌಪದಿಗೆ ಈಗ ಮೂರು ಮಕ್ಕಳು, ಎರಡು ಟ್ರ್ಯಾಕ್ಟರ್.)

ಅಕ್ಕ ರೂಮಿನ ಬೀರುವಿಗೆ ಒಬ್ಬ ಹೀರೋ ಪೋಸ್ಟರ್ ಅಂಟಿಸಿದ್ದಳು. ನಾವಿಬ್ಬರೂ ಅದರ ಎದುರಿಗೇ ಕೂತು ಓದುತ್ತಿದ್ದೆವು. ಮಕ್ಕಳು ಜಗಳ ಆಡದೆ ಒಂದೇ ಕಡೆ ಕೂತು ಓದ್ತವೆ ಅಂತ ಅಮ್ಮನಿಗೆ ಸಮಾಧಾನ. "ನಮ್ಮ ಹುಡುಗ ಹೆಣ್ಮಕ್ಕಳ ಕಡೆ ಕಣ್ಣೆತ್ತಿ ಸಹ ನೋಡಲ್ಲ" ಅಂತ ಬೀದಿಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದಳು. ಅವನನ್ನ ನೋಡಿ ಕಲಿ ಅಂತ ನನ್ನಿಂದಾಗಿ ಬೈಸಿಕೊಂಡ ಹುಡುಗರು ಇವತ್ತಿಗೂ ನನ್ನ ಮೇಲೆ ಹಲ್ಲು ಕಡಿಯುತ್ತಾರೆ. ಪಿಯುಸಿ ಮುಗಿದಾಗ ಕೊಟ್ಟ ನಡತೆ ಪ್ರಮಾಣಪತ್ರದಲ್ಲಿ 'ಅತ್ಯುತ್ತಮ' ಅಂತ ಇತ್ತು. ಅಪ್ಪ ಅದಕ್ಕೆ ಲ್ಯಾಮಿನೇಷನ್ ಮಾಡಿಸಿ ತಮ್ಮ ಹಸಿರು ಫೈಲಿಗೆ ಹಾಕಿದರು. ಆ ಫೈಲು ಮುಂದೆ ಮತ್ತೆ ಬರುತ್ತೆ.

ಎಲ್ಲವೂ ತಮಾಷೆಯಾಗಿರಲಿಲ್ಲ. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು, ಗಂಡು ಗಂಡು ಕೂಡುವುದನ್ನು ಅಪರಾಧ ಅನ್ನುತ್ತಿದ್ದ ಐಪಿಸಿ 377ನೇ ಕಲಂ ಸರಿಯಾಗಿಯೇ ಇದೆ ಅಂತ ತೀರ್ಪು ಕೊಟ್ಟಿತು. ಅದಕ್ಕೂ ಮುಂಚೆ 2009ರಲ್ಲಿ ದೆಹಲಿ ಹೈಕೋರ್ಟು ಅದನ್ನು ಸಡಿಲ ಮಾಡಿತ್ತು. ಸುಪ್ರೀಂ ಕೋರ್ಟಿನ ತೀರ್ಪು ಬಂದ ಮಾರನೇ ದಿನ ಅಪ್ಪ ಪೇಪರಿನಲ್ಲಿ ಅದನ್ನು ಜೋರಾಗಿ ಓದಿ, "ಸರಿಯಾಗೇ ಹೇಳಿದಾರೆ" ಅಂತ ಇನ್ನೊಂದು ಸೌಟು ಉಪ್ಪಿಟ್ಟು ಹಾಕಿಸಿಕೊಂಡರು. ನನಗೆ ಹತ್ತೊಂಬತ್ತು ವರ್ಷ. ನಾನೂ ನಕ್ಕೆ. ಆ ಉಪ್ಪಿಟ್ಟು ಗಂಟಲಲ್ಲಿ ಇಳಿಯಲಿಲ್ಲ.

2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿರುಗಿಸಿತು. ವಯಸ್ಕರು ಇಬ್ಬರೂ ಒಪ್ಪಿ ಇರುವುದು ಅಪರಾಧ ಅಲ್ಲ ಅಂತು. ಸಂಜೆ ರೈಲಿನಲ್ಲಿ ಮೊಬೈಲಿನಲ್ಲಿ ಓದಿದೆ. ಪಕ್ಕದ ಸೀಟಿನವರು ಇಸ್ಪೀಟು ಆಡುತ್ತಿದ್ದರು, ಆ ಕಡೆ ಭಜನೆ ಗುಂಪಿನವರು ತಾಳ ಕುಟ್ಟುತ್ತಿದ್ದರು. ಆ ಬೋಗಿಯಲ್ಲಿ ಒಬ್ಬರಿಗಾದರೂ ಹೇಳಬೇಕು ಅನಿಸಿ ಕೊನೆಗೆ ಕಡಲೆಕಾಯಿ ಮಾರುವವನ ಹತ್ತಿರ ಎರಡು ಪೊಟ್ಟಣ ಜಾಸ್ತಿ ತಗೊಂಡೆ. ಮಾರನೇ ದಿನ ಅಪ್ಪ ಮುಖಪುಟ ನೋಡಿ, ಏನೂ ಹೇಳದೆ ಕ್ರೀಡಾಪುಟಕ್ಕೆ ತಿರುಗಿಸಿದರು.

ಮರುವರ್ಷ ಅದೇ ರೈಲಿನಲ್ಲಿ ಅವನು ಸಿಕ್ಕಿದ. ಮಧುಗಿರಿಯವನು. ಹೆಸರು ಬೇಡ, ಮಧುಗಿರಿ ಅಂತಲೇ ಕರೆಯೋಣ. ತುಮಕೂರಿನಲ್ಲಿ ರೂಮು ಮಾಡಿಕೊಂಡು ಬೆಂಗಳೂರಿಗೆ ಓಡಾಡುತ್ತಿದ್ದ. ಕಿಟಕಿ ಸೀಟಿಗೆ ಜಗಳ ಆಗಿ ಪರಿಚಯ. ಆಮೇಲಿನದ್ದು ನಮ್ಮಿಬ್ಬರ ವಿಷಯ. ಮನೆಗೆ ಬರಲು ಶುರು ಮಾಡಿದ ಮೇಲೆ ನಡೆದದ್ದು ಮಾತ್ರ ಹೇಳಲೇಬೇಕು. ಹಿಂದೆ ಅಕ್ಕನ ಕ್ಲಾಸಿನ ಹುಡುಗ ನೋಟ್ಸ್ ಕೊಡಲು ಬಂದರೆ ಗೇಟಿನ ಆಚೆಯೇ ನಿಲ್ಲಬೇಕಿತ್ತು. ಮಧುಗಿರಿ ಬಂದರೆ ನನ್ನ ರೂಮಿಗೇ ಎರಡನೇ ದಿಂಬು, ಬಿಸಿ ಹಾಲು. "ಬಾಗ್ಲು ಹಾಕ್ಕೊಂಡು ಮಲಗ್ರೋ, ಸೊಳ್ಳೆ ಬರ್ತವೆ" ಅನ್ನುವ ಬುದ್ಧಿಮಾತು ಬೇರೆ.

ಇಪ್ಪತ್ತೆಂಟು ದಾಟಿದ ಮೇಲೆ ಜಾತಕ ಹೊರಗೆ ಬಂತು. ಇಲ್ಲಿಂದ ಖರ್ಚಿನ ಲೆಕ್ಕ. ಸ್ಟುಡಿಯೊದಲ್ಲಿ ಕೋಟು ಹಾಕಿಸಿ ತೆಗೆಸಿದ ಫೋಟೊ ಎಂಟುನೂರು. ಕೋಟು ಸ್ಟುಡಿಯೊದವರದೇ, ಬೆನ್ನಲ್ಲಿ ಕ್ಲಿಪ್ಪು. ಬ್ರೋಕರ್‌ಗೆ ಅಡ್ವಾನ್ಸ್ ಎರಡು ಸಾವಿರ. ಜೋಯಿಸರಿಗೆ ಐನೂರು. ಜೋಯಿಸರು ಜಾತಕ ನೋಡಿ, "ಕಳತ್ರ ಸ್ಥಾನದಲ್ಲಿ ಸ್ವಲ್ಪ ಗೊಂದಲ ಇದೆ" ಅಂದರು. ಕಳತ್ರ ಅಂದರೆ ಹೆಂಡತಿ. ನಾನು ಮನಸ್ಸಿನಲ್ಲೇ ಕೈ ಮುಗಿದೆ. "ಆದ್ರೆ ಯೋಚನೆ ಬೇಡ. ಉತ್ತರ ದಿಕ್ಕಿನಿಂದ ಸಂಬಂಧ ಕೂಡಿ ಬರುತ್ತೆ. ಸರ್ಪದೋಷ ಒಂದಿದೆ, ಕಳ್ಕೊಂಡ್ಬಿಡಿ." ಹಾಗಾಗಿ ಎಲ್ಲರೂ ಕಾರು ಮಾಡಿಕೊಂಡು ಗೌರಿಬಿದನೂರಿನ ಹತ್ತಿರ ವಿದುರಾಶ್ವತ್ಥಕ್ಕೆ ಹೋಗಿ ನಾಗರಕಲ್ಲು ಪ್ರತಿಷ್ಠೆ ಮಾಡಿಸಿದೆವು. ಅಲ್ಲಿ ಸಾಲು ಸಾಲು ನಾಗರಕಲ್ಲು ನೋಡಿದಾಗ, ಇದರಲ್ಲಿ ನನ್ನಂಥವರ ಕಲ್ಲು ಎಷ್ಟಿರಬಹುದು ಅನಿಸಿತು. ಕಾರು, ಪೂಜೆ, ಕಲ್ಲು, ಎಲ್ಲರ ಊಟ ಸೇರಿ ಹನ್ನೆರಡು ಸಾವಿರ ದಾಟಿತು. ಗೊರವನಹಳ್ಳಿ ಮಹಾಲಕ್ಷ್ಮಿಗೆ ಹೊತ್ತ ಹರಕೆ ಲೆಕ್ಕಕ್ಕೆ ಸೇರಿಸಿಲ್ಲ. ಅದು ಅಮ್ಮನ ಸ್ವಂತ ಖಾತೆ.

ಕೊನೆಗೆ ಕುಣಿಗಲ್ ಕಡೆಯ ಹುಡುಗಿ, ಬಿ.ಎಡ್ ಆಗಿದೆ, ಜಾತಕ ಕೂಡಿದೆ ಅಂತ ಬ್ರೋಕರ್ ಫೋನ್ ಮಾಡಿದ. ಭಾನುವಾರ ನೋಡಲು ಹೋಗುವುದು ಅಂತ ಗೊತ್ತಾಯಿತು. ಅಲ್ಲಿಯವರೆಗೆ ಹೇಗೋ ಮುಂದಕ್ಕೆ ಹಾಕಿಕೊಂಡು ಬಂದಿದ್ದೆ. ಯಾರದೋ ಮನೆ ಮಗಳು ಸೀರೆ ಉಟ್ಟು, ಕಾಫಿ ತಟ್ಟೆ ಹಿಡಿದು ಬರುವಾಗ ನಾನು ಅಲ್ಲಿ ಕೂತು ಕೇಸರಿಬಾತ್ ತಿನ್ನುವುದು ಆಗದ ಮಾತು. ಶನಿವಾರ ಅನ್ನುವುದು ನನ್ನ ಗಡುವು ಆಯಿತು.

ಮೊದಲು ಅಕ್ಕನಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅವಳ ಮೊದಲ ಪ್ರಶ್ನೆ: "ಲೋ, ಹಂಗಾದ್ರೆ ಸೊಸೆಗೆ ಅಂತ ಅಮ್ಮ ಎತ್ತಿಟ್ಟಿರೋ ಕಾಸಿನ ಸರ ಯಾರಿಗೆ?" ಇಬ್ಬರೂ ನಕ್ಕೆವು. ಫೋನ್ ಇಟ್ಟ ಮೇಲೆ ಅವಳು ಅತ್ತಳಂತೆ, ಭಾವ ಆಮೇಲೆ ಹೇಳಿದರು. ಮಾರನೇ ದಿನವೇ ಬಸ್ಸು ಹತ್ತಿ ಬಂದಳು. ಮುಂದೆ ಹೋಗುವವರಿಗೆ ಒಂದು ಮಾತು: ಮನೆಯೊಳಗೆ ಒಬ್ಬರನ್ನು ಮೊದಲು ನಿಮ್ಮ ಕಡೆ ಮಾಡಿಕೊಳ್ಳಿ. ಮತ್ತೆ, ಕೈಯಲ್ಲಿ ನಿಮ್ಮದೇ ಸಂಬಳ, ಬೇಕಾದರೆ ಹೋಗಿ ಉಳಿಯಲು ಒಂದು ಜಾಗ, ನಿಮ್ಮ ಮಾರ್ಕ್ಸ್‌ಕಾರ್ಡು ಆಧಾರ್ ಕಾರ್ಡು ನಿಮ್ಮ ಹತ್ತಿರವೇ, ಇವು ಇಲ್ಲದೆ ಹೇಳಲು ಹೋಗಬೇಡಿ. ನನ್ನ ಬ್ಯಾಗು ಮಧುಗಿರಿಯ ರೂಮಿನಲ್ಲಿ ರೆಡಿ ಇತ್ತು. ಬೇಕಾಗಲಿಲ್ಲ. ಆದರೂ ಅದು ಅಲ್ಲಿದೆ ಅನ್ನುವುದೇ ದೊಡ್ಡ ಧೈರ್ಯ.

ಅಮ್ಮನಿಗೆ ಹೇಳಿದ್ದು ಅವರೆಕಾಯಿ ಬಿಡಿಸುವಾಗ. ಜನವರಿ ತಿಂಗಳು, ಮನೆ ತುಂಬ ಸೊಗಡು. ಈ ವಿಷಯ ಹೇಳಲು ಅವರೆಕಾಯಿಗಿಂತ ಒಳ್ಳೇ ಸಮಯ ಇಲ್ಲ. ಕೈಗೆ ಕೆಲಸ ಇರುತ್ತೆ, ಮುಖ ನೋಡಬೇಕಾಗಿಲ್ಲ, ಒಲೆ ಮೇಲೆ ಏನೂ ಇರಲ್ಲ.

"ಅಮ್ಮ, ಭಾನುವಾರ ಕುಣಿಗಲ್‌ಗೆ ಹೋಗೋದು ಬೇಡ."

"ಯಾಕೋ?"

"ನಂಗೆ ಒಬ್ರು ಇದಾರೆ."

ಅಮ್ಮ ಬುಟ್ಟಿ ಪಕ್ಕಕ್ಕೆ ಸರಿಸಿದಳು. ಮುಖದಲ್ಲಿ ಗಾಬರಿಗಿಂತ ಕುತೂಹಲ ಜಾಸ್ತಿ. "ಯಾರೋ ಹುಡುಗಿ? ಆಫೀಸಿನೋಳಾ?"

"ಹುಡುಗಿ ಅಲ್ಲಮ್ಮ."

"ಹುಡುಗಿ ಅಲ್ವಾ? ವಯಸ್ಸಾಗಿರೋಳಾ? ಗಂಡನ್ನ ಬಿಟ್ಟೋಳಾ? ಅಯ್ಯೋ, ಮಕ್ಕಳಿದಾವೇನೋ?"

"ಹೆಂಗಸೇ ಅಲ್ಲಮ್ಮ. ನಂಗೆ ಹೆಣ್ಮಕ್ಕಳ ಮೇಲೆ ಮನಸ್ಸು ಹೋಗಲ್ಲ. ಚಿಕ್ಕೋನಿದ್ದಾಗಿಂದ್ಲೂ ಇಲ್ಲ. ಮಧುಗಿರಿಯೋನು ಬರ್ತಾನಲ್ಲ, ಅವನೇ."

ಸ್ವಲ್ಪ ಹೊತ್ತು ಕಾಳು ಸಿಪ್ಪೆಗೆ, ಸಿಪ್ಪೆ ಕಾಳಿಗೆ ಬಿದ್ದವು. ಆಮೇಲೆ ಅಮ್ಮ ಹಣೆ ಚಚ್ಚಿಕೊಂಡು ಹೇಳಿದ್ದು, "ನಾನೇ ದಿಂಬು ಕೊಟ್ನಲ್ಲೋ!"

ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತು ನಗು ತಡೆಯಲು ಸೆರಗು ಕಚ್ಚಿಕೊಂಡಿದ್ದಳು. ಅಮ್ಮ ಅಳಲು ಶುರು ಮಾಡಿದ್ದು ಅದಾದ ಮೇಲೆ. ಯಾರು ಮಾಟ ಮಾಡಿಸಿದರು, ಬಸುರಿಯಲ್ಲಿ ಗ್ರಹಣ ನೋಡಿದೆನಾ, ಬೆಂಗಳೂರಿನ ನೀರಾ, ಎಲ್ಲ ಬಂತು. ಆ ವಾರ ಪೂರ್ತಿ ಸಾರಿಗೆ ಉಪ್ಪು ಇರಲಿಲ್ಲ. ಯಾರೂ ಕೇಳಲಿಲ್ಲ. ಆದರೆ ಬ್ರೋಕರ್‌ಗೆ ಫೋನ್ ಮಾಡಿ ಭಾನುವಾರದ್ದನ್ನು ರದ್ದು ಮಾಡಿದವಳು ಅವಳೇ. ಸೂತಕ ಅಂದಳು. ಎಂದೋ ತೀರಿಕೊಂಡಿದ್ದ ಒಬ್ಬ ದೊಡ್ಡಜ್ಜನನ್ನು ಅವತ್ತು ಇನ್ನೊಂದು ಸಲ ಸಾಯಿಸಿದಳು. ಸೂತಕ ಅಂದರೆ ಯಾರೂ ಮರುಪ್ರಶ್ನೆ ಹಾಕಲ್ಲ, ನೆನಪಿಟ್ಟುಕೊಳ್ಳಿ.

ಅಪ್ಪನಿಗೆ ನಾನೇ ಹೇಳುತ್ತೇನೆ ಅಂದೆ. ಅಮ್ಮ ಬಿಡಲಿಲ್ಲ. "ನಾನು ನಿಧಾನಕ್ಕೆ ಹೇಳ್ತೀನಿ, ನೀನು ಬಾಯಿ ಬಿಡ್ಬೇಡ." ಅವಳು ಎಷ್ಟು ನಿಧಾನಕ್ಕೆ ಹೇಳಿದಳೆಂದರೆ ಅರ್ಧ ವಿಷಯ ದಾರಿಯಲ್ಲೇ ಉಳಿಯಿತು. ಅಪ್ಪನ ಕಿವಿಗೆ ತಲುಪಿದ್ದು, "ಅವನಿಗೆ ಮದುವೆ ಬೇಡ್ವಂತೆ, ಬೇರೆ ದಾರಿ ಹಿಡಿದಿದಾನಂತೆ" ಅನ್ನುವುದಷ್ಟೇ.

ಅಪ್ಪ ಓದಿದ್ದು ಸಿದ್ಧಗಂಗಾ ಮಠದಲ್ಲಿದ್ದುಕೊಂಡು, ಅಲ್ಲಿಯ ದಾಸೋಹದ ಊಟ ಮಾಡಿಕೊಂಡು. 111 ವರ್ಷ ಬದುಕಿದ ಶಿವಕುಮಾರ ಸ್ವಾಮೀಜಿಯವರ ಮಾತು ತೆಗೆದರೆ ಇವತ್ತಿಗೂ ಕಣ್ಣು ತುಂಬಿಕೊಳ್ಳುತ್ತಾರೆ. ಹಾಗಾಗಿ ಮದುವೆ ಬೇಡ, ಬೇರೆ ದಾರಿ ಅಂದರೆ ಅವರಿಗೆ ಕಂಡದ್ದು ಒಂದೇ ದಾರಿ. ರಾತ್ರಿ ನನ್ನ ರೂಮಿಗೆ ಬಂದು ಮಂಚದ ತುದಿಯಲ್ಲಿ ಕೂತರು. "ನೋಡಪ್ಪ, ಸನ್ಯಾಸ ಅಂದ್ರೆ ಸುಲಭ ಅಲ್ಲ. ಬೆಳಗಿನ ಜಾವ ಏಳ್ಬೇಕು. ನೀನು ರೈಲಿಗೇ ಹಲ್ಲುಜ್ಜಿಕೊಂಡು ಓಡ್ತೀಯ."

ಅಕ್ಕನಿಗೆ ಹೇಳಿ, ಅಮ್ಮನಿಗೆ ಹೇಳಿ, ಈಗ ಸನ್ಯಾಸದಿಂದ ವಾಪಸ್ ಬಂದು ಅಪ್ಪನಿಗೆ ಹೇಳಬೇಕಾಯಿತು. ಇದು ಮನೆ ಖಾತೆ ಬದಲಾವಣೆ ಇದ್ದ ಹಾಗೆ. ಒಂದು ಟೇಬಲ್‌ನಲ್ಲಿ ಸಹಿ ಬಿದ್ದರೆ ಮುಗಿಯಲ್ಲ, ಪ್ರತಿ ಟೇಬಲ್‌ನಲ್ಲೂ ಮೊದಲಿಂದ ಕಥೆ ಹೇಳಬೇಕು. ಹೇಳಿದೆ. ಅಪ್ಪ ಎದ್ದು ಚಪ್ಪಲಿ ಹಾಕಿಕೊಂಡು ಅಮಾನಿಕೆರೆ ಕಡೆ ಹೋದರು. ಬಹಳ ಹೊತ್ತಾದ ಮೇಲೆ ಬಂದು ಮಲಗಿದರು. ಮಾರನೇ ದಿನದಿಂದ ನನ್ನ ಹತ್ತಿರ ಮಾತಿಲ್ಲ.

ಕಾಯುವುದು ಅಂದರೆ ಇದು. ಅಪ್ಪನಿಗೆ ಏನಾದರೂ ಬೇಕಿದ್ದರೆ ಟಿವಿಗೆ ಹೇಳುತ್ತಿದ್ದರು. "ಗ್ಯಾಸ್ ಬುಕ್ ಮಾಡಿದಾರೋ ಇಲ್ವೋ" ಅಂತ ವಾರ್ತೆ ಓದುವ ಹೆಣ್ಣುಮಗಳನ್ನು ಕೇಳುವರು. ನಾನು ಎದ್ದು ಹೋಗಿ ಬುಕ್ ಮಾಡುವೆ. ಶಿವರಾತ್ರಿ ಹೋಯಿತು, ಯುಗಾದಿ ಹೋಯಿತು. ಮಧುಗಿರಿ ಮನೆ ಕಡೆ ತಲೆ ಹಾಕಲಿಲ್ಲ. ಅಮ್ಮ ಮಾತ್ರ ಒಂದು ದಿನ, ಯಾರಿಗೋ ಹೇಳುವ ಹಾಗೆ, "ಹೋಳಿಗೆ ಜಾಸ್ತಿ ಆಗಿದಾವೆ, ಯಾರಿಗಾದ್ರೂ ಕೊಡೋದಿದ್ರೆ ಡಬ್ಬಿಗೆ ಹಾಕಿದೀನಿ" ಅಂದಳು. ಡಬ್ಬಿ ತಗೊಂಡು ಹೋದೆ. ರೈಲಿನಲ್ಲಿ ಇಬ್ಬರೂ ತಿಂದೆವು.

ಆಮೇಲೆ ಡಾಕ್ಟರ್ ಘಟ್ಟ. ಈ ಘಟ್ಟ ಎಲ್ಲರ ಮನೆಯಲ್ಲೂ ಬರುತ್ತೆ, ಮೊದಲೇ ತಯಾರಾಗಿರಿ. ಅಪ್ಪನ ಡಿಪೋ ಸ್ನೇಹಿತರೊಬ್ಬರು ಬೇರೆ ಊರಿನ ಒಂದು ಕ್ಲಿನಿಕ್ಕಿನ ಕಾರ್ಡು ಕೊಟ್ಟಿದ್ದರು. ಅಲ್ಲಿದ್ದಾತ ನನ್ನನ್ನು ಒಂದೂ ಪ್ರಶ್ನೆ ಕೇಳಲಿಲ್ಲ. ಅಪ್ಪನ ಕಡೆ ತಿರುಗಿ, "ಹಾರ್ಮೋನ್ ತೊಂದ್ರೆ. ಆರು ತಿಂಗಳ ಕೋರ್ಸು, ಇಂಜೆಕ್ಷನ್ನು, ನಲವತ್ತು ಸಾವಿರ. ಗ್ಯಾರಂಟಿ" ಅಂದ. ನನ್ನ ಕೈ ತಣ್ಣಗಾಯಿತು. ಅಪ್ಪ ಸ್ವಲ್ಪ ಯೋಚನೆ ಮಾಡಿ, "ರಸೀದಿ ಕೊಡ್ತೀರಾ?" ಅಂದರು.

"ರಸೀದಿ ಎಲ್ಲ ಕೊಡಲ್ಲ ಸಾರ್, ಇದು ಗುಟ್ಟಿನ ವಿಷಯ ಅಲ್ವಾ."

ಮೂವತ್ತು ವರ್ಷಕ್ಕೂ ಮೇಲೆ ಟಿಕೆಟ್ ಹರಿದವರು ನಮ್ಮಪ್ಪ. ದುಡ್ಡು ತಗೊಂಡು ಟಿಕೆಟ್ ಕೊಡದವನು ಅವರ ಲೆಕ್ಕದಲ್ಲಿ ಕಳ್ಳ. ಎದ್ದು, ನನಗೆ "ನಡಿ" ಅಂದರು. ಜನವರಿಯಿಂದ ಈಚೆಗೆ ನನಗೇ ಅಂತ ಹೇಳಿದ ಮೊದಲ ಮಾತು ಅದು. ಆ ಎರಡಕ್ಷರಕ್ಕೆ ಕನ್ಸಲ್ಟೇಷನ್ ಏಳುನೂರು ರೂಪಾಯಿ ಕೊಟ್ಟೆವು. ಜಾಸ್ತಿ ಆಯಿತು ಅಂತ ನನಗೆ ಅನಿಸಲಿಲ್ಲ.

ಇಂಥ ಕಡೆ ಹೋಗಬೇಕಾಗಿ ಬಂದರೆ ಇಷ್ಟು ತಿಳಿದಿರಲಿ. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದೇ ಗೇ ಆಗಿರುವುದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದು ಹಾಕಿದೆ. ನಮ್ಮ ದೇಶದ ಮನೋವೈದ್ಯರ ಸಂಘವೂ 2018ರಲ್ಲಿ ಇದು ಕಾಯಿಲೆ ಅಲ್ಲ ಅಂತ ಸ್ಪಷ್ಟವಾಗಿ ಹೇಳಿದೆ. ಇದನ್ನು 'ಸರಿ ಮಾಡ್ತೀನಿ' ಅಂತ ಚಿಕಿತ್ಸೆ ಕೊಡುವುದು ವೈದ್ಯರ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ಬರೆದಿದೆ. ಮದ್ರಾಸ್ ಹೈಕೋರ್ಟಿನ ಆದೇಶದಿಂದ ಆದ ಕೆಲಸ ಅದು. ಅಂದರೆ ಅಂಥ ಡಾಕ್ಟರ ಮೇಲೆ ಪರಿಷತ್ತಿಗೆ ದೂರು ಕೊಡಬಹುದು.

ಅಪ್ಪನಿಗೆ ಇನ್ನೂ ಸಮಾಧಾನ ಇರಲಿಲ್ಲ. ಬೆಂಗಳೂರಿನ ಸರ್ಕಾರಿ ಆಸ್ಪತ್ರೆಗೆ ಹೋದೆವು. ಆಫೀಸಿಗೆ ರಜೆ, ಬೆಳಗಿನ ರೈಲು, ಚೀಟಿ ಮಾಡಿಸಲು ಒಂದು ಸಾಲು, ಒಳಗೆ ಹೋಗಲು ಇನ್ನೊಂದು ಸಾಲು. ಊಟ ಕಟ್ಟಿಕೊಂಡು ಹೋಗಿ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಲೇಡಿ ಡಾಕ್ಟರ್ ಕರೆದರು. ನನ್ನನ್ನು ನಿದ್ದೆ, ಊಟ, ಕೆಲಸದ ಬಗ್ಗೆ ಕೇಳಿದರು. ಅಪ್ಪನ ಹತ್ತಿರ ಅದಕ್ಕಿಂತ ಜಾಸ್ತಿ ಹೊತ್ತು ಮಾತಾಡಿದರು. ಅಪ್ಪ ಬಾಯಿ ಬಿಟ್ಟು ಅಷ್ಟು ಮಾತಾಡಿದ್ದನ್ನು ನಾನು ಬಸ್ಸಿನಲ್ಲೂ ನೋಡಿರಲಿಲ್ಲ. ತಾವು ಎಲ್ಲಿ ತಪ್ಪಿದ್ದು ಅಂತ ಕೇಳಿದರು. ಡ್ಯೂಟಿ ಡ್ಯೂಟಿ ಅಂತ ಮನೆಯಲ್ಲಿ ಇರದೇ ಹೋದದ್ದಕ್ಕಾ ಅಂತ ಕೇಳಿದರು. ನಾನು ಕಿಟಕಿ ಕಡೆ ನೋಡುತ್ತಾ ಕೂತೆ.

ಡಾಕ್ಟರು ಕೊನೆಗೆ, "ನಿಮ್ಮ ಮಗನಿಗೆ ಕಾಯಿಲೆ ಇಲ್ಲ. ನೀವು ಏನೂ ತಪ್ಪು ಮಾಡಿಲ್ಲ. ನಿಮ್ಮ ಬಿಪಿ ಮಾತ್ರ ಜಾಸ್ತಿ ಇದೆ, ಅದಕ್ಕೆ ತೋರಿಸಿ" ಅಂದರು.

"ಬರೆದು ಕೊಡಿ ಮೇಡಂ" ಅಂದರು ಅಪ್ಪ.

ಡಾಕ್ಟರು ನಕ್ಕು, ಚೀಟಿಯಲ್ಲಿ ಕನ್ನಡದಲ್ಲೇ ಬರೆದು ಕೊಟ್ಟರು: ಕಾಯಿಲೆ ಇಲ್ಲ, ಚಿಕಿತ್ಸೆ ಬೇಕಿಲ್ಲ. ಕೆಳಗೆ ಸಹಿ, ಸೀಲು. ಮಾರನೇ ದಿನ ಅದು ಲ್ಯಾಮಿನೇಷನ್ ಆಗಿ ಹಸಿರು ಫೈಲಿನಲ್ಲಿ, ನಡತೆ ಪ್ರಮಾಣಪತ್ರದ ಪಕ್ಕಕ್ಕೆ ಹೋಗಿ ಕೂತಿತ್ತು. ಇಡೀ ವ್ಯವಹಾರದಲ್ಲಿ ಅತಿ ಕಮ್ಮಿ ಖರ್ಚಿನಲ್ಲಿ ಅತಿ ಜಾಸ್ತಿ ಕೆಲಸ ಆದದ್ದು ಇಲ್ಲೇ. ಅಷ್ಟು ದೂರ ಹೋಗಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ನಿಮಗಷ್ಟೇ ಅಲ್ಲ, ನಿಮ್ಮ ಅಪ್ಪ ಅಮ್ಮನಿಗೂ ಅದು.

ವಾಪಸ್ ಬರುವಾಗ ರೈಲಿನಲ್ಲಿ ದಾಬಸ್‌ಪೇಟೆ ದಾಟಿದ ಮೇಲೆ ಅಪ್ಪ ದನಿ ತಗ್ಗಿಸಿ ಕೇಳಿದರು. "ಪೊಲೀಸ್ನೋರು ಹಿಡ್ಕೊಂಡು ಹೋಗಲ್ವಾ?" 2018ರ ತೀರ್ಪು ಹೇಳಿದೆ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ 377 ಇಲ್ಲವೇ ಇಲ್ಲ ಅಂದೆ. "ಮತ್ತೆ ಮದುವೆ?" ಅದು ಆಗಲ್ಲ, 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಅದು ಸಂಸತ್ತು ತೀರ್ಮಾನ ಮಾಡಬೇಕಾದ್ದು ಅಂತ ಬಿಟ್ಟಿದೆ ಅಂದೆ. ಅಪ್ಪ ಹೊರಗೆ ನೋಡುತ್ತಾ, "ಚೌಟ್ರಿ ಖರ್ಚು ಉಳೀತು ಬುಡು" ಅಂದರು. ಮುಖದಲ್ಲಿ ನಗು ಇರಲಿಲ್ಲ. ಕ್ಯಾತ್ಸಂದ್ರದಲ್ಲಿ ಇಳಿದು ಇಬ್ಬರೂ ತಟ್ಟೆ ಇಡ್ಲಿ ತಿಂದು ಮನೆಗೆ ಹೋದೆವು.

ಮದುವೆ ಇಲ್ಲದ ಮೇಲೆ ಕಾಗದಪತ್ರ ನಾವೇ ಮಾಡಿಕೊಳ್ಳಬೇಕು. ನನಗೂ ಮಧುಗಿರಿಗೂ ಜಂಟಿ ಖಾತೆ ತೆಗೆಯುವ ಯೋಚನೆ ಇತ್ತು. ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್ 28ರಂದು ಸ್ಪಷ್ಟನೆ ಕೊಟ್ಟಿದೆ: ನಮ್ಮಂಥವರು ಜಂಟಿ ಬ್ಯಾಂಕ್ ಖಾತೆ ತೆಗೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಯಾವ ಅಡ್ಡಿಯೂ ಇಲ್ಲ. ಆದರೆ ನಾವು ಹೋದ ಬ್ಯಾಂಕಿನ ಕೌಂಟರಿನಲ್ಲಿದ್ದವರಿಗೆ ಅದರ ಸುದ್ದಿ ಮುಟ್ಟಿರಲಿಲ್ಲ. ಗಂಡ ಹೆಂಡತಿ, ಅಪ್ಪ ಮಗ, ಅಣ್ಣ ತಮ್ಮ ಇದ್ದರೆ ಮಾತ್ರ ಆಗುತ್ತೆ ಅಂತ ಕಳಿಸಿದರು. ಮನೆಗೆ ಬಂದು ಅಮ್ಮನಿಗೆ ಹೇಳುತ್ತಿದ್ದೆ. ಅಪ್ಪ ಟಿವಿ ಆಫ್ ಮಾಡಿದರು. "ಎಲ್ಲಿ ಬರೆದಿದೆ ತೋರಿಸಿ ಅಂತ ಕೇಳಿದ್ಯಾ?" ಅಂದರು. ಮಾರನೇ ದಿನ ಹಸಿರು ಫೈಲು ಕಂಕುಳಲ್ಲಿ ಇಟ್ಟುಕೊಂಡು ಹೊರಟೇ ಬಿಟ್ಟರು.

ನಮ್ಮಪ್ಪನಿಗೆ ಮಗನ ಹತ್ತಿರ ಮನಸ್ಸು ಬಿಚ್ಚಿ ಮಾತಾಡಲು ಬರಲ್ಲ. ಕೌಂಟರಿನಲ್ಲಿ ಜಗಳ ಆಡಲು ಬರುತ್ತೆ. ಪ್ರಿಂಟ್ ತೆಗೆದ ಸ್ಪಷ್ಟನೆ ಮುಂದಿಟ್ಟು, "ಎಲ್ಲಿ ಬರೆದಿದೆ ತೋರಿಸಿ" ಅಂತ ಅದೊಂದೇ ಮಾತು ಹಿಡಿದು ಕೂತರು. ಮ್ಯಾನೇಜರ್ ಹತ್ತಿರ ಹೋಯಿತು. ಮ್ಯಾನೇಜರ್ ಎಲ್ಲಿಗೋ ಫೋನ್ ಮಾಡಿದರು. ಊಟದ ವಿರಾಮ ಬಂತು. ಸರ್ವರ್ ಡೌನ್ ಆಯಿತು. ಸಂಜೆ ಹೊತ್ತಿಗೆ ಅರ್ಜಿ ತಗೊಂಡರು. ಕ್ಲರ್ಕ್ ಪೆನ್ನು ಹಿಡಿದು, "ಸಂಬಂಧ ಏನಂತ ಬರೀಲಿ?" ಅಂದರು. ನಾನೂ ಮಧುಗಿರಿಯೂ ಮುಖ ಮುಖ ನೋಡಿಕೊಂಡೆವು. ಅಪ್ಪ, "ಸ್ನೇಹಿತ ಅಂತ ಬರೀರಿ. ಕಾಲಂ ಖಾಲಿ ಬಿಡ್ಬೇಡಿ, ಆಮೇಲೆ ವಾಪಸ್ ಬರುತ್ತೆ" ಅಂದರು.

ಎರಡೂ ಕಡೆ ಆಧಾರ್, ಪ್ಯಾನ್, ಫೋಟೊ, ವಿಳಾಸದ ದಾಖಲೆ, ಸ್ಪಷ್ಟನೆಯ ಪ್ರಿಂಟು, ಇಷ್ಟು ಇಟ್ಟುಕೊಂಡು ಹೋಗಿ. ಅದರ ಜೊತೆ ಒಂದು ವಿಲ್ ಬರೆದಿಡಿ. ನಾಮಿನಿ ಆದವರು ದುಡ್ಡು ತೆಗೆದುಕೊಳ್ಳಬಹುದು ಅಷ್ಟೇ, ವಾರಸುದಾರರು ಕೇಳಿದರೆ ವಿಲ್ ಬೇಕಾಗುತ್ತೆ. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ. ಇಬ್ಬರು ಸಾಕ್ಷಿಗಳ ಎದುರಿಗೆ ಸಹಿ ಮಾಡಬೇಕು, ಆಸ್ತಿ ಯಾರಿಗೆ ಬರೆದಿದ್ದೀರೋ ಅವರು ಸಾಕ್ಷಿ ಆಗಬಾರದು. ರಿಜಿಸ್ಟರ್ ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೆಯದು. ನನ್ನ ವಿಲ್‌ಗೆ ಭಾವ ಒಬ್ಬ ಸಾಕ್ಷಿ. ಸಹಿ ಮಾಡುವಾಗ, "ನಿನ್ನ ಹತ್ರ ಇರೋದು ಒಂದು ಸ್ಕೂಟರ್ ಅಲ್ವೇನೋ" ಅಂದರು.

ಎಲ್ಲ ಸರಿ ಹೋಯಿತು ಅಂದುಕೊಳ್ಳಬೇಡಿ. ಸೋದರಮಾವ ಮನೆಗೆ ಬರುವುದು ನಿಲ್ಲಿಸಿದ್ದಾರೆ. ಗಣೇಶನ ಹಬ್ಬಕ್ಕೂ ಬರಲಿಲ್ಲ. ಅಮ್ಮ ಫೋನ್ ಮಾಡಿದರೆ ಅತ್ತೆ ಎತ್ತಿ, ಸ್ನಾನಕ್ಕೆ ಹೋಗಿದಾರೆ ಅನ್ನುತ್ತಾರೆ. ಇಷ್ಟು ಶುಚಿಯಾದ ಮನುಷ್ಯ ಇಡೀ ಜಿಲ್ಲೆಯಲ್ಲಿ ಇಲ್ಲ. ಅಮ್ಮ ಅದಕ್ಕೆ ಅಳುವುದನ್ನು ನೋಡಿದ್ದೇನೆ, ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ. ಮಧುಗಿರಿಯ ಮನೆಯಲ್ಲಿ ಇನ್ನೂ ಹೇಳಿಲ್ಲ. ಅವನು ಹೇಳುವಾಗ ಹೇಳುತ್ತಾನೆ, ಆತುರ ಇಲ್ಲ.

ಅಜ್ಜಿಗೆ ಹೇಳುವುದು ಬೇಡ ಅಂತ ಅಕ್ಕನ ತೀರ್ಮಾನ. ಅಜ್ಜಿಗೆ ಕಿವಿ ಮಂದ, ಕೂಗಿ ಹೇಳಿದರೆ ಊರಿಗೆಲ್ಲ ಕೇಳುತ್ತೆ. ಅಜ್ಜಿಗೆ ಗೊತ್ತಿರುವುದು ನಾವಿಬ್ಬರೂ ಜೋಡಿ ಬಿಟ್ಟಿರಲ್ಲ ಅನ್ನುವುದು. ಹೋದಾಗಲೆಲ್ಲ ಇಬ್ಬರ ಕೈಗೂ ಕೊಬ್ಬರಿ ಬೆಲ್ಲ ಕೊಟ್ಟು, "ಇಬ್ರಿಗೂ ಅಕ್ಕತಂಗೀರ್ನ ನೋಡಿ, ಒಂದೇ ಚಪ್ಪರದಾಗೆ ಮುಗಿಸಿ. ಖರ್ಚು ಉಳೀತದೆ" ಅನ್ನುತ್ತಾಳೆ. ಅಪ್ಪ ಮಗ ಅಜ್ಜಿ, ಎಲ್ಲರದ್ದೂ ಒಂದೇ ಲೆಕ್ಕ.

ಅಮ್ಮ ಜೋಯಿಸರ ಮಾತನ್ನು ಮರೆತಿಲ್ಲ. ಮೊನ್ನೆ ಅವನಿಗೆ ಊಟಕ್ಕೆ ಬಡಿಸುತ್ತಾ, "ಮಧುಗಿರಿ ನಮ್ಮೂರಿಗೆ ಉತ್ತರಕ್ಕೆ ಬರುತ್ತಾ?" ಅಂತ ಸುಮ್ನೆ ಕೇಳಿದಳು. ಹೌದು ಅಂದ. ಅಮ್ಮ ತಲೆ ಆಡಿಸಿ ಇನ್ನೊಂದು ಮುದ್ದೆ ಹಾಕಿದಳು. ಕಾಸಿನ ಸರ ಅಕ್ಕನಿಗೂ ಸಿಗಲಿಲ್ಲ. ಯಾವುದೋ ಮದುವೆಗೆ ಅಮ್ಮನೇ ಹಾಕಿಕೊಂಡು ಹೊರಟಳು. ಚೆನ್ನಾಗಿ ಕಾಣುತ್ತೆ ಅಂತ ಈಗ ಎಲ್ಲ ಫಂಕ್ಷನ್‌ಗೂ ಅದೇ.

ಬಾಕಿ ಉಳಿದಿರುವುದು ಬ್ರೋಕರ್‌ಗೆ ಕೊಟ್ಟ ಅಡ್ವಾನ್ಸ್ ಎರಡು ಸಾವಿರ. ಅಪ್ಪ ಬಿಟ್ಟಿಲ್ಲ. ಕಳೆದ ವಾರ ಸ್ಪೀಕರ್ ಹಾಕಿಕೊಂಡು ಫೋನ್ ಮಾಡಿದ್ದರು.

"ದುಡ್ಡು ಕೊಡೋಣ ಸಾರ್, ಎಲ್ಲೋಗುತ್ತೆ. ಹುಡುಗಂಗೆ ಎಲ್ಲೋ ಸೆಟ್ ಆಯ್ತಂತೆ, ನಿಜವಾ?"

"ಹೂಂ. ಮಧುಗಿರಿ ಕಡೆ."

"ಮಧುಗಿರಿನಾ? ನಂಗೆ ಗೊತ್ತಿಲ್ದೆ ಯಾವ ಮನೆ ಸಾರ್ ಅದು? ಏನ್ ಓದಿದೆ?"

"ಬಿ.ಕಾಂ. ಕೆಲ್ಸದಲ್ಲೂ ಇದೆ" ಅಂದರು ಅಪ್ಪ. "ನೀನು ಮೊದ್ಲು ನನ್ನ ಎರಡು ಸಾವಿರ ಹಾಕು. ಹಾಕಿದ್ಮೇಲೆ ರಸೀದಿ ಕೊಡ್ತೀನಿ."